ಮುಖ ಮಾತ್ರ

"ಕ್ಯಾಮೆರಾ ಇಳಿಸು. ಇಲ್ಲಾಂದ್ರೆ ಕತ್ತರಿ ಎಸೀತೀನಿ."

ದರ್ಜಿ ನಿಜಕ್ಕೂ ಕತ್ತರಿ ಎತ್ತಿದ್ದ. ಹೊಸ್ತಿಲ ಹೊರಗೆ ನಿಂತ ಛಾಯಾಗ್ರಾಹಕಿ ಕದಲಲಿಲ್ಲ. ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ತಂದಳು, ಅಷ್ಟೇ.

ಬಂದರಿನ ಹಿಂದಿನ ಆ ಓಣಿಯಲ್ಲಿ ನಾನಾ ದೇಶಗಳ, ನಾನಾ ಭಾಷೆಗಳ ಜನ ಒಂದೇ ನಲ್ಲಿಗಾಗಿ ಜಗಳವಾಡುತ್ತ ಬದುಕಿದ್ದರು. ಅವಳು ಗೋಡೆಗೆ ಬೂದು ಬಟ್ಟೆ ಕಟ್ಟಿ, ಮುಂದೊಂದು ಸ್ಟೂಲು ಇಟ್ಟು, ಒಬ್ಬೊಬ್ಬರನ್ನೇ ಕೂರಿಸಿ ಚಿತ್ರ ತೆಗೆಯುತ್ತಿದ್ದಳು. ಎಲ್ಲ ಜನಾಂಗಗಳ ಮುಖಗಳ ಪುಸ್ತಕ ಮಾಡುತ್ತೇನೆ ಎಂದಿದ್ದಳು. ಓಣಿ ನಂಬಲಿಲ್ಲ. ಮೊದಲ ದಿನವೇ ಬೂದು ಬಟ್ಟೆಗೆ ಕೆಸರು ಬಿತ್ತು. ಅವಳಿಗೆ 'ಪೊಲೀಸ್ ಕಣ್ಣು' ಎಂದು ಅಡ್ಡಹೆಸರಿಟ್ಟವನು ದರ್ಜಿಯೇ.

ಧೈರ್ಯ ಮಾಡಿ ಮೊದಲು ಕೂತವಳು ಬ್ರೆಡ್ ಮಾರುವ ಅಜ್ಜಿ. ಚಿತ್ರ ಕೈಗೆ ಬಂದಾಗ ಅವಳೂ ಸಿಡುಕಿದಳು.

"ಇದು ನಾನಲ್ಲ. ನನ್ನ ಮಚ್ಚೆ ಇರೋದು ಈ ಕಡೆ."

"ಕನ್ನಡೀಲಿ ಎಡ ಬಲ ಅದಲುಬದಲು ಕಾಣತ್ತೆ ಅಜ್ಜಿ. ಕನ್ನಡಿ ಸುಳ್ಳು ಹೇಳತ್ತೆ, ಚಿತ್ರ ಹೇಳಲ್ಲ."

"ನನ್ನ ಹೊಸ ಶಾಲು ಎಲ್ಲಿ? ಪೆಟ್ಟಿಗೆಯಿಂದ ತೆಗೆದು ಹೊದ್ದು ಕೂತಿದ್ನಲ್ಲೇ, ಅದನ್ನೇ ಕತ್ತರಿಸಿ ಬಿಸಾಕಿದ್ದೀಯ!"

"ನಾನು ಮುಖ ಬಿಟ್ಟು ಬೇರೇನೂ ನೋಡಲ್ಲ."

"ಹಾಗಂತ ಮೊದಲೇ ಹೇಳಿದ್ರೆ ಒಂದು ಸ್ನಾನ ಉಳೀತಿತ್ತು!"

ಓಣಿ ನಕ್ಕಿತು. ಆಮೇಲೆ ಒಬ್ಬೊಬ್ಬರೇ ಬಂದು ಕೂತರು. ದರ್ಜಿ ನಗಲೂ ಇಲ್ಲ, ಬರಲೂ ಇಲ್ಲ. ಅವಳು ಹಾದುಹೋದಾಗಲೆಲ್ಲ ಗೋಡೆಗೆ ಮುಖ ಮಾಡುತ್ತಿದ್ದ. ಬಿಸಿಲಿನಲ್ಲೂ ಕಣ್ಣಿನ ಕೆಳಗಿನವರೆಗೆ ಮಫ್ಲರ್ ಸುತ್ತಿಕೊಂಡಿರುತ್ತಿದ್ದ. ಅದು ಅವನ ಹಳೆಯ ರೂಢಿ. ಇನ್ನೊಂದು ರೂಢಿಯೂ ಇತ್ತು. ಅವನ ಅಂಗಡಿಗೆ ಬಾಗಿಲಿತ್ತು, ಚಿಲಕವಿರಲಿಲ್ಲ. ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಒಳಗೇ ಮಲಗುತ್ತಿದ್ದ. ಕದಿಯಲು ಬರುವವನಿಗೆ ದಾರವುಂಡೆ ಬಿಟ್ಟು ಇನ್ನೇನು ಸಿಗುತ್ತದೆ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು.

"ಒಂದೇ ಒಂದು ಸಲ ಕೂತ್ಕೊಳ್ಳಿ ಮಾಮ," ಎಂದಳು ಅವಳು ಈಗ.

"ನಿನಗೆ ನಾನು ಯಾವ ಸೀಮೆ ಮಾಮ? ನನ್ನ ಮುಖದಲ್ಲಿ ಹುಡುಕೋಕೆ ಏನಿದೆ?"

"ಹುಡುಕ್ತಿದ್ದೀನಿ ಅಂತ ನಿಮಗೆ ಹೇಳಿದ್ಯಾರು?"

ಅಷ್ಟರಲ್ಲಿ ಗಲಾಟೆ ಕೇಳಿ ಅಜ್ಜಿ ಬಂದಳು, ಎದುರಿನ ಕ್ಷೌರಿಕ ಬಂದ, ಹಡಗಿನ ಕೂಲಿಗಳು ನಾಲ್ಕಾರು ಮಂದಿ ಬಂದರು. ಅವಳು ಚೀಲದಿಂದ ಒಂದು ಹಳೆಯ ಕಪ್ಪು-ಬಿಳುಪು ಚಿತ್ರ ತೆಗೆದಳು. ಒಂದು ಹೊಲಿಗೆ ಕಾರ್ಖಾನೆಯ ಮುಂದೆ ಸಾಲಾಗಿ ನಿಂತ ಕೆಲಸಗಾರರು.

"ಪುಸ್ತಕ ಸುಳ್ಳಲ್ಲ. ಆದ್ರೆ ಊರೂರು ಸುತ್ತೋದು ಅದಕ್ಕೊಂದಕ್ಕೇ ಅಲ್ಲ," ಎಂದಳು. "ಇವಳು ನಮ್ಮಮ್ಮ. ಕೆಲಸ ಮುಗಿಯೋ ತನಕ ಯಾರೂ ಮನೆಗೆ ಹೋಗಬಾರದು ಅಂತ ಯಜಮಾನ ಹೊರಗಿನಿಂದ ಚಿಲಕ ಹಾಕಿ, ಬೀಗ ಜಡಿದ. ಒಳಗೆ ಬೆಂಕಿ ಬಿತ್ತು. ಅವನು ಬೀಗದ ಕೈ ಸಮೇತ ಓಡಿಹೋದ. ಒಬ್ಬರೂ ಉಳೀಲಿಲ್ಲ. ಮನೆಲಿ ಈ ನೆಗೆಟಿವ್ ಒಂದಿತ್ತು. ನಾನು ಈ ಕೆಲಸ ಕಲಿಯೋಕೆ ಹೋದ ದಿನ ಕೈಯಾರೆ ಮಾಡಿದ ಮೊದಲ ಪ್ರಿಂಟ್ ಇದು. ಅವನು ಸಿಕ್ಕಿದ್ರೆ ಕೇಸು ಮತ್ತೆ ತೆಗೀತೀವಿ ಅಂತ ಪೊಲೀಸರು ಅಂದಿದ್ದಾರೆ. ನಡುವೆ ನಿಂತಿರೋನೇ ಯಜಮಾನ. ಕೆನ್ನೆ ನೋಡಿ, ಸುಟ್ಟ ಗುರುತು."

ಕ್ಷೌರಿಕ ದರ್ಜಿಯ ಕಡೆ ತಿರುಗಿದ.

"ಇವನು ಒಂದು ದಿನಾನೂ ನನ್ನ ಹತ್ರ ಗಡ್ಡಕ್ಕೆ ಬಂದಿಲ್ಲ. ಏನಯ್ಯಾ, ಮಫ್ಲರ್ ಒಳಗೆ ಏನು ಬಚ್ಚಿಟ್ಟಿದ್ದೀಯ?"

"ಬಿಚ್ಚಿಸ್ರೋ ಅದನ್ನ," ಎಂದ ಒಬ್ಬ ಕೂಲಿ. ಇನ್ನೊಬ್ಬ ಬಾಗಿಲಿಗೆ ಅಡ್ಡ ನಿಂತ.

ದರ್ಜಿ ಕತ್ತರಿಯನ್ನು ಮೇಜಿನ ಮೇಲಿಟ್ಟ. "ಮೊದಲು ಚಿತ್ರ ಕೊಡು ಇಲ್ಲಿ."

ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ಎಷ್ಟು ಹೊತ್ತೆಂದರೆ ಕೂಲಿಗಳೇ ಕಸಿವಿಸಿಗೊಂಡರು. ಆಮೇಲೆ ಚಿತ್ರವನ್ನು ಹಿಂದಕ್ಕೆ ಕೊಟ್ಟ, ತಾನೇ ಹೊರಗೆ ನಡೆದ, ಬೂದು ಬಟ್ಟೆಯ ಮುಂದೆ ಕೂತ, ಮಫ್ಲರ್ ಬಿಚ್ಚಿದ.

ಕೆನ್ನೆಯ ಮೇಲೆ, ಗಡ್ಡವೂ ಬೆಳೆಯದ ಹಾಗೆ, ಇಸ್ತ್ರಿಪೆಟ್ಟಿಗೆಯ ಮೂತಿಯಂಥ ಕಲೆ.

"ತೆಗಿ," ಎಂದ ದರ್ಜಿ. ಅವಳು ಚಿತ್ರ ತೆಗೆದಳು. ಹಳೆಯದನ್ನು ಅವನ ಮುಖದ ಪಕ್ಕಕ್ಕೆ ಹಿಡಿದಳು. ನೋಡಿದಳು, ಮತ್ತೆ ನೋಡಿದಳು.

"ಬಲಗೆನ್ನೆ," ಎಂದಳು ಮೆಲ್ಲಗೆ. "ಅವನಿಗಿರೋದು ಬಲಗೆನ್ನೇಲಿ. ನಿಮಗೆ... ಎಡಗೆನ್ನೆ."

"ಈಗ ಕಣ್ಣು ತಂಪಾಯ್ತಾ?"

ಅಜ್ಜಿ ಅವಳ ಮೇಲೆ ಹರಿಹಾಯ್ದಳು. "ಇಸ್ತ್ರಿ ಹಿಡಿಯೋರ ಮೈಮೇಲೆ ಸುಟ್ಟ ಕಲೆ ಇರದೆ ಸುಗಂಧ ಇರತ್ತಾ? ಅದನ್ನ ಜನ ನೋಡ್ತಾರೆ ಅಂತ ಪಾಪ ಮುಚ್ಚಿಕೊಂಡು ತಿರುಗ್ತಿದ್ದ. ಎಲ್ಲರ ಮುಂದೆ ಬಿಚ್ಚಿಸಿಬಿಟ್ಟೆಯಲ್ಲ ತಾಯಿ!"

ಕ್ಷೌರಿಕ ತಲೆ ತಗ್ಗಿಸಿ ತನ್ನ ಅಂಗಡಿಗೆ ಹೋದ. ಛಾಯಾಗ್ರಾಹಕಿ ಬೂದು ಬಟ್ಟೆ ಮಡಚಿದಳು. "ತಪ್ಪಾಯ್ತು ಮಾಮ. ಸಾಕಾಯ್ತು ನನಗೆ. ಇನ್ನು ಯಾರನ್ನೂ ಹುಡುಕಲ್ಲ," ಎಂದು ಕಣ್ಣೊರೆಸಿಕೊಂಡು ಹೊರಟಳು. ದರ್ಜಿ ಒಳಗೆ ಹೋಗಿ ಅರ್ಧಕ್ಕೆ ಬಿಟ್ಟಿದ್ದ ಅಂಗಿಯನ್ನು ಮಿಷನ್ನಿಗೆ ಕೊಟ್ಟ. ಜೇಬು ಹಚ್ಚುವುದು ಬಾಕಿಯಿತ್ತು. ಎಂದಿನಂತೆ ಎಡ ಎದೆಯ ಮೇಲಿಟ್ಟು ಹೊಲಿಗೆ ಹಾಕಿದ.

ಆ ಹಳೆಯ ಚಿತ್ರದಲ್ಲಿ ಗಂಡಸರ ಜೇಬುಗಳೆಲ್ಲ ಬಲ ಎದೆಯ ಮೇಲಿದ್ದವು. ಕಲಿಯುವ ಕೈ ನೆಗೆಟಿವನ್ನು ಮಗುಚಿಟ್ಟು ಮುದ್ರಿಸಿ, ಇಡೀ ಚಿತ್ರವನ್ನು ಕನ್ನಡಿ ಮಾಡಿತ್ತು. ಮುಖ ಬಿಟ್ಟು ಬೇರೇನೂ ನೋಡದವಳಿಗೆ ಅದು ಇಷ್ಟು ವರ್ಷವೂ ಕಂಡಿರಲಿಲ್ಲ.

ಆ ಅಂಗಿಗಳನ್ನೆಲ್ಲ ಹೊಲಿದವನು ಅವನೇ. ಒಂದಕ್ಕೂ ಬಲಗಡೆ ಜೇಬು ಇಟ್ಟಿರಲಿಲ್ಲ.