ಸತ್ತವನ ತಟ್ಟೆ

“ಕ್ಯಾರಿಯಕೂನೋ, ಪೆಟಿ ಮಾರ್ಟಿನಿಕ್ಕೋ? ಬೇಗ ಹೇಳಿ ಯಜಮಾನ್ರೇ, ಹಿಂದೆ ಜನ ನಿಂತಿದಾರೆ.”

ಯಾವ ದ್ವೀಪಕ್ಕೆಂದು ಹಡಗಿನ ಟಿಕೆಟ್ ಕೊಡುವವಳು ಮತ್ತೆ ಕೇಳಿದಳು. ಎದುರಿಗೆ ನಿಂತವನಿಗೆ ಕಪ್ಪು ಕನ್ನಡಕ, ನರೆತ ಗಡ್ಡ. ತಲೆಗೆ ಪ್ರವಾಸಿಗರ ಹುಲ್ಲುಟೋಪಿ. ಕೈಯಲ್ಲಿ ಚೀಲವೂ ಇಲ್ಲ.

“ಸಂಜೆ ವಾಪಸ್ ಬರೋದಾದ್ರೆ ಪೆಟಿ ಮಾರ್ಟಿನಿಕ್‌ಗೆ ಹೋಗಿ. ತಣ್ಣಗಿರುತ್ತೆ. ಕ್ಯಾರಿಯಕೂನಲ್ಲಿ ಇವತ್ತು ಸಮಾಧಿ ಕಲ್ಲು ನೆಡೋ ಊಟ. ಡೋಲಿನ ಗದ್ದಲಕ್ಕೆ ಕಿವಿ ತೂತು ಬೀಳುತ್ತೆ.”

“ಯಾರ ಕಲ್ಲು?”

“ಉಲ್ರಿಕಾ ಗಂಡ ಫಿಟ್ಜ್‌ರಾಯ್‌ದು. ದೋಣಿ ಸಮೇತ ಮುಳುಗಿದ್ನಲ್ಲ. ನಿಮಗೆಲ್ಲಿ ಗೊತ್ತಿರುತ್ತೆ ಬಿಡಿ.”

“ಕ್ಯಾರಿಯಕೂ,” ಎಂದ.

ಹಡಗಿನಲ್ಲಿ ಅವನ ಪಕ್ಕ ಕೂತವಳು ಉಲ್ರಿಕಾಳ ದೊಡ್ಡಮ್ಮ ಎಲ್ಫ್ರಿಡಾ, ಎಲ್ಲರ ಬಾಯಲ್ಲೂ ಟಾಂಟಿ. ಬದುಕೆಲ್ಲ ಇಂಗ್ಲೆಂಡಿನಲ್ಲಿ ಕಳೆದು ಈಗಷ್ಟೇ ಮರಳಿದವಳು. ಸತ್ತ ಅಳಿಯನ ಮುಖವನ್ನೇ ಕಂಡಿರಲಿಲ್ಲ. ತೊಡೆಯ ಮೇಲೆ ಪಾತ್ರೆ, ಪಾತ್ರೆಯೊಳಗೆ ಬೇಯಿಸಿದ ಬೆಂಡೆಕಾಯಿ. ಬಾಯಿಗೆ ಮಾತ್ರ ಮುಚ್ಚಳವಿಲ್ಲ.

“ಸತ್ತವನು ಒಪ್ಪದೆ ಕಲ್ಲು ನೆಡೋ ಹಾಗಿಲ್ಲ ಕಣಪ್ಪ. ಕೋಣೇಲಿ ಅವನಿಗೊಂದು ತಟ್ಟೆ ಬಡಿಸಿ ಬಾಗಿಲು ಹಾಕ್ತೀವಿ. ಒಂದು ತುತ್ತಾದ್ರೂ ಕಡಿಮೆ ಆಗ್ಬೇಕು. ಕಿಟಕಿ ತೆಗೆದೇ ಇಡ್ತೀವಿ, ಬೆಕ್ಕೋ ಕೋಳಿನೋ ಪುಣ್ಯ ಕಟ್ಕೊಳ್ಳುತ್ತೆ. ಹೋದ ಸಲ ಮಾತ್ರ ಇಟ್ಟ ತಟ್ಟೆ ಇಟ್ಟ ಹಾಗೇ ಇತ್ತಂತೆ, ಮಾರಾಯ! ಇರುವೆ ಕೂಡ ಮುಟ್ಟಿಲ್ಲ. ಅವತ್ತಿಂದ ಹುಡುಗಿ ಮರಗಟ್ಟಿ ಹೋಗಿದಾಳೆ. ದೋಣಿ ಕಟ್ಟೋ ಆಗಸ್ಟಸ್ ಮದುವೆ ಆಗ್ತೀನಿ ಅಂತ ಕಾದು ಕೂತಿದಾನೆ. ಇವಳು ‘ಅವನು ಉಣ್ಣಲಿ, ಆಮೇಲೆ ನೋಡೋಣ’ ಅಂತಾಳೆ. ಇವತ್ತೂ ಉಣ್ಣಲಿಲ್ಲ ಅಂದ್ರೆ ಮುಗೀತು ಅವಳ ಬಾಳು.”

ಕಡಲು ಏರಿತು. ಪ್ರವಾಸಿಗರು ಕಂಬಿ ಹಿಡಿದು ವಾಂತಿ ಮಾಡಿಕೊಂಡರು. ಅವನು ಎದ್ದು, ಮೊಣಕಾಲು ಸಡಿಲಿಸಿ, ಏನೂ ಹಿಡಿಯದೆ ನಿಂತ.

“ಹೊರಗಿನವರು ಬರಬಹುದಾ?”

“ಊಟದ ಮನೆಯಿಂದ ಯಾರನ್ನಾದ್ರೂ ಹಸಿದು ಕಳಿಸ್ತಾರಾ? ಬಾ, ಬಾ.”

ಅಂಗಳದಲ್ಲಿ ಡೋಲು ಶುರುವಾಗಿತ್ತು. ಆಡಿನ ಮಾಂಸ ಕುದಿಯುತ್ತಿತ್ತು. ಉಲ್ರಿಕಾ ಬಿಳಿ ಉಡುಪಿನಲ್ಲಿ ಬಾಗಿಲಲ್ಲಿ ನಿಂತು, ಬಂದವರ ಕೈ ಹಿಡಿದು, ಯಾರು ಏನಂದರೂ ‘ಹೂಂ’ ಅನ್ನುತ್ತಿದ್ದಳು. ಕಣ್ಣು ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಹುಲ್ಲುಟೋಪಿಯವನ ಕೈಯನ್ನೂ ಹಾಗೇ ಹಿಡಿದಳು, ಹಾಗೇ ಬಿಟ್ಟಳು.

ಒಳಗೆ ತಟ್ಟೆ ಬಡಿಸಿದಳು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಹುರಿದ ಮೀನು, ಬಟಾಣಿ. ಟಾಂಟಿ ತನ್ನ ಪಾತ್ರೆ ತಂದು ಒಂದು ಸೌಟು ಬೆಂಡೆಕಾಯಿ ಸುರಿದೇಬಿಟ್ಟಳು.

“ಅಯ್ಯೋ, ಅದು...” ಎಂದು ಉಲ್ರಿಕಾ ಅರ್ಧಕ್ಕೇ ತಡೆದುಕೊಂಡಳು. “ಇರಲಿ ಬಿಡಿ. ಉಣ್ಣೋರು ಯಾರಿದಾರೆ.”

ಬಾಗಿಲು ಹಾಕಿದರು. ಕುಣಿತ ಏರಿತು. ಟಾಂಟಿ ಊಟ ಹಿಡಿದು ಬಂದಾಗ ಗೋಡೆಯ ಬದಿ ಕೂತಿದ್ದ ಅತಿಥಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮನೆಯ ಹಿಂದಿನಿಂದ ಬಂದ. ಕೈ ತೊಳೆಯಲು ಹೋಗಿದ್ದೆ ಎಂದ. ಅವಳು ಕೊಟ್ಟ ಊಟವನ್ನು ಮುಟ್ಟಲಿಲ್ಲ.

ಬಾಗಿಲು ತೆಗೆದಾಗ ಹೆಂಗಸರೆಲ್ಲ ಕಿರುಚಿದರು.

ತಟ್ಟೆ ಖಾಲಿ! ಮೀನಿನ ಮುಳ್ಳಷ್ಟೇ ಉಳಿದಿತ್ತು, ಅಂಚಿನಲ್ಲಿ ಬೆಂಡೆಕಾಯಿ ಚೂರುಗಳು. “ಉಂಡ! ಹೊಟ್ಟೆ ತುಂಬ ಉಂಡ!” ಎಂದು ಸತ್ತವನ ಹೆಸರಲ್ಲಿ ನೆಲಕ್ಕೆ ರಮ್ ಚೆಲ್ಲಿದರು. ಆಗಸ್ಟಸ್ ಬಾಗಿಲಿಗೊರಗಿ ಮಗುವಿನ ಹಾಗೆ ಅತ್ತ. ಉಲ್ರಿಕಾ ಅಳಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು.

ಟಾಂಟಿ ಮಾತ್ರ ಅತಿಥಿಯ ಗಡ್ಡದಲ್ಲಿ ಮುದ್ದೆಯ ತುಣುಕು ಕಂಡಳು. ಕಳ್ಳ ನನ್ಮಗನೇ! ಬೈಗುಳ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಸತ್ತವನ ಅನ್ನ ಕದ್ದ ಪಾಪ ಅವನಿಗೇ ಇರಲಿ, ಹುಡುಗಿಯ ಬಾಳಿಗೊಂದು ದಾರಿಯಾಯಿತಲ್ಲ.

ಕಲ್ಲನ್ನು ಮೆರವಣಿಗೆಯಲ್ಲಿ ಒಯ್ದು ಕಡಲಿಗೆ ಮುಖಮಾಡಿ ನೆಟ್ಟರು. ಅತಿಥಿ ಎಲ್ಲರ ಹಿಂದೆ ನಿಂತು, ಟೋಪಿ ತೆಗೆದು, ಕಲ್ಲಿನ ಮೇಲಿನ ಹೆಸರನ್ನು ಓದಿದ. ಉಲ್ರಿಕಾ ಒಮ್ಮೆ ತಲೆ ಎತ್ತಿ ಜನರ ಕೊನೆಯವರೆಗೂ ನೋಡಿದಳು. ಆಮೇಲೆ ಆಗಸ್ಟಸ್‌ನ ತೋಳು ಹಿಡಿದು ಮನೆಗೆ ನಡೆದಳು.

ಹಡಗು ಹೊರಡುವ ಹೊತ್ತಿಗೆ ಟಾಂಟಿ ಏದುಸಿರು ಬಿಡುತ್ತ ಕಟ್ಟೆಗೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟು.

“ತಗೋ, ಉಲ್ರಿಕಾ ಕೊಟ್ಟಳು. ದಾರಿಗೆ ಬುತ್ತಿ. ಕದ್ದು ತಿಂದೋನಿಗೆ ಉಪಚಾರ ಬೇರೆ!”

ಅವನು ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

“ಏನಾದ್ರೂ ಹೇಳಿದಳಾ?”

“ಏನೋಪ್ಪ, ಗಂಟು ಕಟ್ತಾ ಸತ್ತವನ ಹತ್ರ ಮಾತಾಡ್ತಿದ್ಲು, ನನಗೊಂದೂ ಅರ್ಥ ಆಗ್ಲಿಲ್ಲ. ‘ನಿನಗೆ ಸೇರಲ್ಲ ಅಂತ ಗೊತ್ತು, ಬೆಂಡೆಕಾಯಿ ಹಾಕಿಲ್ಲ. ಕಲ್ಲು ನೆಟ್ಟಾಯ್ತು ಫಿಟ್ಜ್‌ರಾಯ್, ಇನ್ನು ಬರಬೇಡ’ ಅಂದ್ಲು.”