ಕಿಡಿ ಕದ್ದವಳು

“ಇನ್ನೊಂದ್ಸಲ ಕೀ ತಿರುಗಿಸೇ!” ನಿವೃತ್ತ ಡ್ರೈವರ್ ಎಂಜಿನ್ನಿನ ಮೇಲೆ ಬಗ್ಗಿಕೊಂಡೇ ಕೂಗಿದ. ಹಳೇ ಕಾರಿನೊಳಗೆ ಕೂತಿದ್ದ ಹೆಂಡತಿ ತಿರುಗಿಸಿದಳು. ಎಂಜಿನ್ ಗೊರಗೊರ ಎಂದಿತೇ ಹೊರತು ಪ್ಲಗ್ಗಿನಲ್ಲಿ ಕಿಡಿ ಹಾರಲಿಲ್ಲ. ಕಿಡಿ ಹುಟ್ಟಿಸುವ ಕಾಯಿಲಿನ ವೈರು ಹಿಡಿದು ನೋಡಿದರೆ ಅಲ್ಲಿ ಮಾತ್ರ ಚಟ್ಟೆಂದು ನೀಲಿ ಕಿಡಿ.

“ಕಿಡಿ ಹುಟ್ತಿದೆ, ಪ್ಲಗ್‌ವರೆಗೆ ಹೋಗ್ತಿಲ್ಲ. ನಡುವೆ ಯಾರೋ ನುಂಗ್ತಿದಾರೆ.”

“ವಯಸ್ಸಾಯ್ತು ಬಿಡಿ ಅದಕ್ಕೆ.”

“ನನಗಿಂತ ಚಿಕ್ಕದು ಕಣೇ!”

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಮಂಜುಗಟ್ಟಿದ ಕಣ್ಣನ್ನು ನಂಬದೆ ಬೆರಳಿಟ್ಟು ತಡವಿದ. ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಪುಟ್ಟ ರೋಟರ್ ಅಲ್ಲಿರಲಿಲ್ಲ. ಅದನ್ನು ಕಿತ್ತಿಟ್ಟರೆ ಯಾವ ಕಳ್ಳನೂ ಕಾರು ಒಯ್ಯಲಾರ ಎಂದು, ಮದುವೆಯಾದ ಹೊಸತರಲ್ಲಿ ಅವನು ಹೇಳಿಕೊಟ್ಟದ್ದು ಹೆಂಡತಿಯೊಬ್ಬಳಿಗೇ. ಮೊನ್ನೆ ಕಾರು ಓಡಿಸುವಾಗ ಅವನ ಕಣ್ಣಿಗೆ ಬೀಳದ ಸೈಕಲ್ ಹುಡುಗಿಯೊಬ್ಬಳು ಕೂದಲೆಳೆಯಲ್ಲಿ ಪಾರಾದಾಗ, ಪಕ್ಕದಲ್ಲಿ ಕೂತು ತುಟಿ ಬಿಚ್ಚದವಳೂ ಅವಳೇ.

ಅವನು ಕಾರಿನ ಕಿಟಕಿಗೆ ಬಂದ. “ಎಲ್ಲಿಟ್ಟಿದ್ದೀಯೇ, ಕಳ್ಳಿ?”

“ಗುಂಡಿ-ದಾರದ ಡಬ್ಬೀಲಿ,” ಎಂದಳು ತಲೆ ತಗ್ಗಿಸಿ. “ಬೈಕೊಳ್ಳಿ ಬೇಕಾದ್ರೆ. ಕೊಡಲ್ಲ.”

ಅವನು ಕೈ ಚಾಚಿ ಕೀ ತೆಗೆದುಕೊಂಡ. ಅಂಗಿಗೆ ಒರೆಸಿ, ಅವಳ ಅಂಗೈಯಲ್ಲಿಟ್ಟು, ಅವಳ ಬೆರಳು ಮಡಚಿದ.

“ಇದನ್ನೂ ಅಲ್ಲೇ ಇಡು.”