ಒಂದೇ ಟಕ್

“ಮತ್ತೆ ಕೈಕೊಡ್ತು ಕಣೋ,” ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ತಮ್ಮನಿಗೆ ಖುಷಿಯೇ ಆಯಿತು. ಕಂಪ್ಯೂಟರ್ ರಿಪೇರಿಯವನಿಗೆ ಕಂಪ್ಯೂಟರ್ ಕೆಟ್ಟರೆ ಖುಷಿಯಾಗುವುದರಲ್ಲಿ ಆಶ್ಚರ್ಯವೇನಿದೆ ಎನ್ನಬಹುದು. ಇದು ಆ ಬಗೆಯ ಖುಷಿಯಲ್ಲ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು, ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಪಕ್ಕದ ಬೀದಿಯ ಅಕ್ಕನ ಮನೆಗೆ ಹೆಚ್ಚುಕಡಿಮೆ ಓಡಿಯೇ ಹೋದ.

ಮನೆಯಲ್ಲೇ ಕೂತು ಟೈಪಿಂಗ್ ಮಾಡಿಕೊಡುವ ಅಕ್ಕನಿಗೆ ಆ ಕಂಪ್ಯೂಟರೇ ಅನ್ನ. ಅದಕ್ಕೋ ವಿಚಿತ್ರ ಕಾಯಿಲೆ. ಚೆನ್ನಾಗಿ ಓಡುತ್ತಿರುವಾಗಲೇ ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತಿತ್ತು. ಮೌಸಿನ ಬಾಣ ಅಲುಗದು, ಅಕ್ಷರ ಮೂಡದು. ಕರೆದರೂ ಓಗೊಡದ ಮೊಂಡು ಮಗುವಿನ ಹಾಗೆ ಕೂತುಬಿಡುತ್ತಿತ್ತು. ಇಂಥ ಹೊತ್ತಿಗೇ ಅಂತಿಲ್ಲ, ಇಂಥ ಕೆಲಸಕ್ಕೇ ಅಂತಿಲ್ಲ.

ರೋಗ ಏನೆಂದು ತಮ್ಮನಿಗೆ ಮೊದಲ ದಿನವೇ ಗೊತ್ತಾಗಿತ್ತು. ಒಳಗಿನ ಮೆಮೊರಿ ಕಾರ್ಡು ಸಡಿಲವಾಗಿತ್ತು, ಅಷ್ಟೆ. ಅದನ್ನು ತೆಗೆದು, ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಬೇಕು. ಎರಡೂ ತುದಿಯ ಕೊಕ್ಕೆಗಳು ‘ಟಕ್’, ‘ಟಕ್’ ಎಂದು ಕಚ್ಚಿಕೊಂಡರೆ ಮುಗಿಯಿತು, ಮತ್ತೆ ತಂಟೆಯಿಲ್ಲ. ಅವನು ಮಾತ್ರ ಪ್ರತಿ ಸಲವೂ ಒಂದು ಟಕ್ಕಿಗೇ ಕೈ ತೆಗೆಯುತ್ತಿದ್ದ.

ಅಮ್ಮ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ಅಕ್ಕ ತಮ್ಮ ಇಬ್ಬರೂ ಆಡಬಾರದ ಮಾತು ಆಡಿ ದೂರವಾಗಿದ್ದರು. ಆ ಹಟದಲ್ಲಿ ಅವನು ಅಕ್ಕನ ಹೊಸಿಲು ತುಳಿಯಲಿಲ್ಲ. ಅಮ್ಮ ಹಾಗೇ ತೀರಿಕೊಂಡಳು, ಅವಳ ಮುಖವನ್ನು ಕೊನೆಗೂ ನೋಡಲಿಲ್ಲ. ವರ್ಷಗಟ್ಟಲೆ ನಿಂತುಹೋಗಿದ್ದ ಮಾತನ್ನು ಮತ್ತೆ ಶುರು ಮಾಡಿಸಿದ್ದು ಈ ಹಾಳು ಕಂಪ್ಯೂಟರ್. ಬೇರೆ ಯಾರೂ ಸಿಗದೆ ಅಕ್ಕ ಅವನಿಗೆ ಫೋನ್ ಮಾಡಿದ್ದಳು. ಮೊದಲು ಬಂದಾಗ ನೀರು ಕೊಟ್ಟಳು, ಆಮೇಲೆ ಬಂದಾಗ ಚಹಾ, ಈಚೆಗೆ ಊಟ. ಅವನು ಬಿಚ್ಚಲು ಕೂತರೆ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಟಾರ್ಚ್ ಹಿಡಿದು, ಚಿಕ್ಕಂದಿನ ಕಥೆ ತೆಗೆಯುತ್ತಿದ್ದಳು. ಪೂರ್ತಿ ರಿಪೇರಿಯಾಗಿಬಿಟ್ಟರೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ? ಅದಕ್ಕೇ ಒಂದು ಟಕ್ಕನ್ನು ಬಾಕಿ ಉಳಿಸಿಕೊಂಡಿದ್ದ.

ಇವತ್ತು ಅಕ್ಕ ಬಾಗಿಲು ತೆರೆದವಳೇ ತಿರುಗಿ ಒಳಗೆ ಹೋದಳು. ಮೇಜಿನ ಮೇಲೆ ಹಳೆಯ ಟೇಪ್ ರೆಕಾರ್ಡರ್ ಇತ್ತು. ಅದರಿಂದ ಕಂಪ್ಯೂಟರಿಗೆ ಒಂದು ವೈರು ಹೋಗಿತ್ತು. ಪಕ್ಕದಲ್ಲಿ ಕಂದು ಟೇಪು ಸಿಕ್ಕುಸಿಕ್ಕಾಗಿ ಬಿದ್ದಿತ್ತು.

“ಏನಕ್ಕ ಇದು?”

“ಅಮ್ಮನ ಕ್ಯಾಸೆಟ್ಟು. ಮಲಗಿದ್ದಲ್ಲೇ ಹೊತ್ತು ಹೋಗದೆ ಈ ಟೇಪ್ ರೆಕಾರ್ಡರ್ ಮುಂದೆ ಮಾತಾಡ್ಕೊಂಡಿದ್ದಾಳೆ. ನಂಗೂ ಗೊತ್ತಿರಲಿಲ್ಲ, ಮೊನ್ನೆ ಪೆಟ್ಟಿಗೆ ತಳದಲ್ಲಿ ಸಿಕ್ತು. ಪೂರ್ತಿ ಬೂಷ್ಟು. ಒಂದು ಸಲ ಓಡಿದ್ರೆ ನಿಮ್ಮ ಪುಣ್ಯ ಅಂದ, ರೇಡಿಯೋ ರಿಪೇರಿಯವನು. ಕಂಪ್ಯೂಟರಿಗೆ ಇಳಿಸಿ ನಿಂಗೆ ಕೊಡೋಣ, ಗುಂಡ ಬೆರಗಾಗಲಿ ಅಂತ ಹೇಳದೇ ಇದ್ದೆ.”

ಗುಂಡ ಎಂದರೆ ಇವನೇ. ಆಳು ಈಗ ಕಡ್ಡಿಯಂತಾಗಿದ್ದರೂ ಅಮ್ಮ ಇಟ್ಟ ಹೆಸರು ಅಕ್ಕನ ಬಾಯಲ್ಲಿ ಹಾಗೇ ಉಳಿದಿತ್ತು.

“ನೀನು ಮೊನ್ನೆ ತಾನೇ ಸರಿ ಮಾಡಿ ಹೋಗಿದ್ಯಲ್ಲ, ಆ ಧೈರ್ಯದ ಮೇಲೆ ಹಾಕ್ದೆ. ಚೆನ್ನಾಗೇ ಓಡ್ತಿತ್ತು. ಅದೂ ಇದೂ ಮಾತಾಡ್ತಾ ‘ನಮ್ಮ ಗುಂಡನಿಗೆ ಹೇಳು’ ಅಂದ್ಲು. ಅಷ್ಟರಲ್ಲಿ ಒಲೆ ಮೇಲೆ ಹಾಲು ಸೀದ ವಾಸನೆ. ಹೇಗೂ ರೆಕಾರ್ಡ್ ಆಗ್ತಿದ್ಯಲ್ಲ, ನೀನು ಬಂದ್ಮೇಲೆ ಇಬ್ಬರೂ ಕೂತು ಕೇಳೋಣ ಅಂತ ಎದ್ದು ಹೋದೆ. ವಾಪಸ್ ಬಂದ್ರೆ ಕಂಪ್ಯೂಟರ್ ಕಲ್ಲಾಗಿ ಕೂತಿದೆ. ಕ್ಯಾಸೆಟ್ಟನ್ನ ಹಿಂದಕ್ಕೆ ಸುತ್ತಿ ಮತ್ತೆ ಹಾಕ್ದೆ. ಹರಿದೇ ಹೋಯ್ತು.”

“ಏನು ಹೇಳು ಅಂದ್ಲು?”

“ಅದೇ ಗೊತ್ತಿಲ್ವಲ್ಲೋ.”

ಅವನು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಗೊತ್ತಿದ್ದ ಮೂಲೆಗಳನ್ನೆಲ್ಲ ಹುಡುಕಿದ. ಅಮ್ಮನ ಒಂದು ಉಸಿರೂ ಅದರಲ್ಲಿ ಉಳಿದಿರಲಿಲ್ಲ. ಹರಿದ ಟೇಪನ್ನು ಜೋಡಿಸಲು ಹೋದರೆ ಮೇಲಿನ ಕಂದು ಪುಡಿ ಬೆರಳಿಗೆ ಅಂಟಿಕೊಂಡು ಬಂತು. ಬೈದಿದ್ದಳೋ, ಒಂದು ಸಲ ಬಂದು ಹೋಗು ಅಂದಿದ್ದಳೋ, ಹೋಗಲಿ ಬಿಡು ಅಂದಿದ್ದಳೋ. ಬೈದಿದ್ದರೂ ಸಾಕಿತ್ತು ಅನಿಸಿತು ಅವನಿಗೆ.

“ಅಕ್ಕ, ಇದೆಲ್ಲ ನನ್ನಿಂದಲೇ...”

“ನಿಂದೇನಿದೆ ಬಿಡೋ. ಯಂತ್ರ ಕೈಕೊಟ್ರೆ ನೀನೇನು ಮಾಡ್ತೀಯ,” ಎಂದು ಅವಳೇ ಸಮಾಧಾನ ಹೇಳಿದಳು. ಕಣ್ಣೊರೆಸಿಕೊಂಡು, ಅಭ್ಯಾಸದಂತೆ ಸ್ಟೂಲು ಎಳೆದುಕೊಂಡು ಟಾರ್ಚ್ ಹಿಡಿದಳು.

ಅವನು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ. ಕಾರ್ಡು ತೆಗೆದು, ಅಂಚನ್ನು ಉಜ್ಜಿ, ಅದರ ಜಾಗದಲ್ಲಿಟ್ಟು ಎರಡೂ ಹೆಬ್ಬೆರಳಿನಿಂದ ಒತ್ತಿದ.

ಟಕ್. ಟಕ್.

ಟಾರ್ಚಿನ ಬೆಳಕು ಕಾರ್ಡನ್ನು ಬಿಟ್ಟು ನಿಧಾನವಾಗಿ ಅವನ ಮುಖದ ಮೇಲೆ ಬಂದು ನಿಂತಿತು.

“ಗುಂಡ,” ಎಂದಳು ಅಕ್ಕ, “ಯಾವಾಗಲೂ ಒಂದೇ ಸಲ ಅಲ್ವಾ ಟಕ್ ಅಂತಿದ್ದದ್ದು?”